ಮಾರ್ಗದರ್ಶಕರಿಗೇನೂ ಬರವಿಲ್ಲ

ನಮ್ಮ ತಾಲ್ಲೂಕಿಗೆ ಬರ ಹೊಸದಲ್ಲ. ಮಳೆಗೆ ಬರ, ಮೇವಿಗೆ ಬರ, ಗಣಿತದ ಮೇಷ್ಟರಿಗೆ ಬರ. ಆದರೆ ಮಾರ್ಗದರ್ಶಕರಿಗೆ ಮಾತ್ರ ಬರ ಬಂದದ್ದನ್ನು ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ನಾನಂತೂ ಕಾಣೆ. ಜೂನಿನಲ್ಲಿ ಪ್ರತಿಭಾ ಪುರಸ್ಕಾರ, ಸೆಪ್ಟೆಂಬರಿನಲ್ಲಿ ಶಿಕ್ಷಕರ ದಿನ, ನವೆಂಬರಿನಲ್ಲಿ ರಾಜ್ಯೋತ್ಸವ, ಡಿಸೆಂಬರಿನಲ್ಲಿ ವಾರ್ಷಿಕೋತ್ಸವ, ಮಾರ್ಚ್ 8ಕ್ಕೆ ಮಹಿಳಾ ದಿನಾಚರಣೆ. ನಡುನಡುವೆ ಯಾವುದೋ ಸಂಘದವರ 'ಸಾಧಕರೊಂದಿಗೆ ಸಂವಾದ'. ಪ್ರತಿಯೊಂದಕ್ಕೂ ಊರಿನ ಮುಖಂಡರು ಬರುತ್ತಾರೆ, ತಾವು ಮೇಲೆ ಬಂದ ಬಗೆಯನ್ನು ಹೇಳುತ್ತಾರೆ, ಶಾಲು ಹೊದೆದು ಹೋಗುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದಕ್ಕೆ ನಾವು 'ಮಾರ್ಗದರ್ಶನ' ಎಂದು ವರದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ.

ನಾನು ಸಮಾಜ ವಿಜ್ಞಾನ ಕಲಿಸುವವಳು, ಆದರೂ ಒಂದು ಲೆಕ್ಕ ಹಾಕುತ್ತೇನೆ. ನಮ್ಮದು 240 ಹೆಣ್ಣುಮಕ್ಕಳ ಪ್ರೌಢಶಾಲೆ. ಒಂದು ಸಮಾರಂಭಕ್ಕೆ ಮೂರು ಗಂಟೆ ಎಂದರೆ 720 ಗಂಟೆ ಮಕ್ಕಳ ವೇಳೆ. ಮುಕ್ಕಾಲು ಗಂಟೆಯ ಒಂದು ಪೀರಿಯಡ್ಡಿನ ಲೆಕ್ಕದಲ್ಲಿ 960 ಪೀರಿಯಡ್ಡು. ಅದರಲ್ಲಿ ಅತಿಥಿಗಳಿಗೆ ಕಾದದ್ದು ಒಂದು ಗಂಟೆ. ಸ್ವಾಗತ, ಪರಿಚಯ, ಮಾಲಾರ್ಪಣೆ, ದೀಪ ಆರಿದ್ದಕ್ಕೆ ಮತ್ತೊಮ್ಮೆ ಹಚ್ಚಿದ್ದು, ಎಲ್ಲ ಸೇರಿ ಇನ್ನೊಂದು ಗಂಟೆ. ಉಳಿದದ್ದು ಭಾಷಣ. ಎಂಟನೇ ತರಗತಿಯ ಹುಡುಗಿಯರು ಅಮ್ಮಂದಿರ ರೇಷ್ಮೆ ಸೀರೆ ಉಟ್ಟುಕೊಂಡು ಪೂರ್ಣಕುಂಭ ಹಿಡಿದು ಗೇಟಿನಲ್ಲಿ ನಿಲ್ಲಬೇಕು. ಒಮ್ಮೆ ಒಬ್ಬ ಅತಿಥಿ ಬರುವುದು ಎರಡು ಗಂಟೆ ತಡವಾಗಿ, ಬಿಸಿಲಿಗೆ ಒಬ್ಬಳು ತಲೆಸುತ್ತಿ ಬಿದ್ದಳು. ಅಂದಿನ ಭಾಷಣದ ವಿಷಯ 'ಸಮಯಪಾಲನೆ ಮತ್ತು ಯಶಸ್ಸು'. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಆಣೆ ಮಾಡಿ ಹೇಳಬಲ್ಲೆ.

ಹೋಗಲಿ, ಕಾಯಿಸಿದ್ದನ್ನು ಮರೆಯೋಣ. ಆ ಭಾಷಣಗಳಲ್ಲಿ ಏನಿರುತ್ತದೆ ಎಂದು ನೋಡೋಣ. "ನಾನು ಬೀದಿ ದೀಪದ ಕೆಳಗೆ ಓದಿದೆ. ಬರಿಗಾಲಲ್ಲಿ ನಡೆದೆ. ಛಲ ಬಿಡಲಿಲ್ಲ. ನೀವೂ ಛಲ ಬಿಡಬೇಡಿ." ಇಷ್ಟೇ. ಇದರಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಬಿಟ್ಟುಹೋದದ್ದು ಎಷ್ಟು! ಆ ಬೀದಿ ದೀಪದ ಕೆಳಗೆ ಓದುವಾಗ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕ ಯಾವ ತರಗತಿಗೆ ಶಾಲೆ ಬಿಟ್ಟಳು? ಕಾಲೇಜಿನ ಫೀ ಯಾರು ಕಟ್ಟಿದರು? ಅರ್ಜಿ ಯಾರು ತುಂಬಿದರು? ನನಗೆ ಗೊತ್ತಿರುವ ಒಬ್ಬ ಮುಖಂಡರು, ಒಳ್ಳೆಯ ಮನುಷ್ಯರೇ, ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದವರು. ದೇವರಾಜ ಅರಸರ ಕಾಲದಲ್ಲಿ, 1975ರಲ್ಲಿ ಹಾವನೂರು ಆಯೋಗ ವರದಿ ಕೊಟ್ಟ ಆಚೀಚೆ, ಹಿಂದುಳಿದ ವರ್ಗದವರ ವಿದ್ಯಾರ್ಥಿನಿಲಯಗಳು ಹೆಚ್ಚಿದ್ದರಿಂದ ಎಷ್ಟು ಮನೆಗಳ ಮೊದಲ ತಲೆಮಾರು ಓದಿತು ಎಂಬುದು ನಮ್ಮ ಊರುಗಳಲ್ಲಿ ಯಾರನ್ನು ಕೇಳಿದರೂ ತಿಳಿಯುತ್ತದೆ. ಆ ಮಹನೀಯರು ವೇದಿಕೆಯ ಮೇಲೆ ಆ ಹಾಸ್ಟೆಲ್ಲಿನ ಹೆಸರೆತ್ತುವುದಿಲ್ಲ. ಸೀಟು ಕೊಡಿಸಲು ಜೊತೆಗೆ ನಡೆದುಬಂದ ಮೇಷ್ಟರ ಹೆಸರೆತ್ತುವುದಿಲ್ಲ. "ಸ್ವಂತ ಪರಿಶ್ರಮ" ಎನ್ನುತ್ತಾರೆ. ಎದುರಿಗೆ ಕೂತ ಹುಡುಗಿಗೆ ಬೇಕಾಗಿದ್ದದ್ದು ಹಾಸ್ಟೆಲ್ಲಿನ ಅರ್ಜಿ ಯಾವಾಗ, ಎಲ್ಲಿ ಹಾಕಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಷ್ಟು ಮುಂಚೆ ಮಾಡಿಸಿಟ್ಟುಕೊಳ್ಳಬೇಕು, ಸೀಟು ಇಲ್ಲ ಎಂದರೆ ಮುಂದೇನು ಎಂಬ ನಾಲ್ಕು ಮಾತು. ಸಿಕ್ಕಿದ್ದು ಛಲ.

ಈಚೆಗೆ ಇದಕ್ಕೆ 'ವ್ಯಕ್ತಿತ್ವ ವಿಕಸನ' ಎಂಬ ಹೆಸರು ಬಂದಿದೆ. ಎದೆ ಸೆಟೆಸಿ ನಿಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಕನಸು ಕಾಣಿ, ನಕಾರಾತ್ಮಕ ಯೋಚನೆ ಬಿಡಿ. ಎಲ್ಲವೂ ಹುಡುಗಿಯೇ ಮಾಡಬೇಕಾದದ್ದು. ಊರು ಏನೂ ಮಾಡಬೇಕಾಗಿಲ್ಲ! ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದೆ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂತಿರುವ ಹುಡುಗಿಗೆ ಸಕಾರಾತ್ಮಕ ಯೋಚನೆ ಯಾವ ಮೂಲೆಯಿಂದ ಬರಬೇಕು, ನೀವೇ ಹೇಳಿ. ನೀವೂ ಹೆಣ್ಣುಮಕ್ಕಳ ತಾಯಂದಿರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ಬರೆಯಲೇಬೇಕು, ಬರೆದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಮಾರ್ಚ್ ತಿಂಗಳಲ್ಲಿ 'ಹೆಣ್ಣು ಓದಿದರೆ ನಾಡು ಓದಿದಂತೆ' ಎಂದು ನಮ್ಮ ಮಕ್ಕಳಿಗೆ ಮುಕ್ಕಾಲು ಗಂಟೆ ಬೋಧಿಸಿದವರೊಬ್ಬರು ಮೇ ತಿಂಗಳಲ್ಲಿ ಅದೇ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯ ಮದುವೆಗೆ ಹೋಗಿ ಅಕ್ಷತೆ ಹಾಕಿ ಬಂದರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಅಂಥ ಮದುವೆಗೆ ಪ್ರೋತ್ಸಾಹ ಕೊಡುವುದಷ್ಟೇ ಅಲ್ಲ, ಹೋಗಿ ಭಾಗವಹಿಸುವುದೂ ಅಪರಾಧದ ವ್ಯಾಪ್ತಿಗೆ ಬರುತ್ತದೆ. ಕರ್ನಾಟಕ 2016ರ ತಿದ್ದುಪಡಿಯಿಂದ ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿದೆ. ಇದನ್ನು ನಾನು ಪಾಠದಲ್ಲಿ ಹೇಳುತ್ತೇನೆ. ಆದರೆ ಮಕ್ಕಳು ಪಾಠವನ್ನು ಕೇಳುವುದು ಕಡಿಮೆ, ದೊಡ್ಡವರು ಯಾರ ಮನೆ ಚಪ್ಪರದಡಿ ಕೂತಿದ್ದರು ಎಂಬುದನ್ನು ನೋಡುವುದು ಹೆಚ್ಚು. ಜೂನಿನಲ್ಲಿ ಆ ಹುಡುಗಿಯ ಬೆಂಚು ಖಾಲಿಯಿತ್ತು. ಪಕ್ಕದಲ್ಲಿ ಕೂರುತ್ತಿದ್ದವಳು ಹದಿನೈದು ದಿನ ಆ ಜಾಗದಲ್ಲಿ ಬ್ಯಾಗು ಇಟ್ಟುಕೊಂಡಿದ್ದಳು, ಬೇರೆ ಯಾರೂ ಕೂರಬಾರದೆಂದು.

ಸಂವಾದದ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಒಂದು ಕಾರ್ಯಕ್ರಮದಲ್ಲಿ, ಭಾಷಣವೆಲ್ಲ ಮುಗಿದು "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮ ಊರ ಕಡೆ ಬಸ್ಸು ನಾಲ್ಕು ಹತ್ತಕ್ಕೆ ಹೊರಡುತ್ತದೆ, ಶಾಲೆ ಬಿಡುವುದು ನಾಲ್ಕೂವರೆಗೆ. ಆಮೇಲಿನ ಬಸ್ಸು ಏಳು ಗಂಟೆಗೆ. ನಾವು ಏನು ಮಾಡಬೇಕು?" ಎಂದಳು. ಇದಕ್ಕಿಂತ ನೇರವಾದ ಪ್ರಶ್ನೆ ಇನ್ನಾವುದಿದೆ? ಸಂಘಟಕರೊಬ್ಬರು ಮೈಕು ತೆಗೆದುಕೊಂಡು "ಇದು ಸ್ಫೂರ್ತಿ ಕಾರ್ಯಕ್ರಮ ಅಮ್ಮ, ಅಹವಾಲು ಸಭೆಯಲ್ಲ" ಎಂದರು. ಸಭೆ ನಕ್ಕಿತು. ಹುಡುಗಿ ಕೂತಳು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ, ನಿಜ, ನಾನೂ ಅದರಲ್ಲೇ ಓಡಾಡುತ್ತೇನೆ. ಆದರೆ ಬಾರದ ಬಸ್ಸಿಗೆ ಪುಕ್ಕಟೆ ಟಿಕೆಟ್ಟು ಇಟ್ಟುಕೊಂಡು ಏನು ಮಾಡುವುದು? ಆ ಊರಿನ ಹನ್ನೊಂದು ಹುಡುಗಿಯರು ದಿನಾ ಕೊನೆಯ ಪೀರಿಯಡ್ಡು ಬಿಟ್ಟು ಓಡುತ್ತಿದ್ದರು. ಕೊನೆಯ ಪೀರಿಯಡ್ಡು ವಾರದಲ್ಲಿ ಮೂರು ದಿನ ಗಣಿತ.

ಆ ಸಭೆಯಲ್ಲಿ ವೇದಿಕೆಯ ತುದಿಯ ಕುರ್ಚಿಯಲ್ಲಿ, ಮೈಕಿನಿಂದ ಅತಿ ದೂರದಲ್ಲಿ, ಆ ಊರಿನ ಗ್ರಾಮ ಪಂಚಾಯಿತಿ ಸದಸ್ಯೆ ಒಬ್ಬರು ಕೂತಿದ್ದರು. ಏಳನೇ ತರಗತಿ ಓದಿದವರು. ಅವರಿಗೆ ಮಾತಾಡಲು ಯಾರೂ ಹೇಳಿರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿಯನ್ನು ಕೈಪಂಪಿನ ಹತ್ತಿರ ಕರೆದು ಕೇಳಿದ್ದು ಒಂದೇ ಮಾತು: "ಎಷ್ಟು ಜನ ಇದ್ದೀರಿ, ಹೆಸರು ಬರಕೊಂಡು ಬಾ." ಮುಂದೆ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮಾರ್ಗದರ್ಶನ ಎಂದರೆ ಏನೆಂದು ನಾನು ಬಿಎಡ್‌ನಲ್ಲಿ ಓದಿದ್ದಕ್ಕಿಂತ ಹೆಚ್ಚು ಅಲ್ಲಿ ಕಂಡೆ.

ಮೊದಲು ಅವರು ವಿಷಯವನ್ನು ಮಕ್ಕಳ ಗ್ರಾಮಸಭೆಗೆ ತಂದರು. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಏರ್ಪಾಡಿದೆ. ಮಕ್ಕಳು ಕೇಳಬೇಕು, ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿಗಳು, ಇಲಾಖೆಯವರು ಉತ್ತರ ಹೇಳಬೇಕು. ಬಹಳ ಕಡೆ ಅದೂ ಒಂದು ಭಾಷಣ ಸ್ಪರ್ಧೆಯಾಗಿ ಮುಗಿಯುತ್ತದೆ, ಅದು ಬೇರೆ ಮಾತು. ಇಲ್ಲಿ ಸದಸ್ಯೆ ಹುಡುಗಿಯ ಬಾಯಿಂದಲೇ ಪ್ರಶ್ನೆ ಕೇಳಿಸಿ, ಅದು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಎದ್ದು ಹೋಗಲಿಲ್ಲ. "ಬಾಯಲ್ಲಿ ಹೇಳಿದ್ದು ಗಾಳಿಗೆ, ನಡಾವಳಿಯಲ್ಲಿ ಬಂದದ್ದು ದಾಖಲೆಗೆ" ಎಂದು ಹುಡುಗಿಯರಿಗೆ ಹೇಳಿದರಂತೆ. ಆ ನಡಾವಳಿಯ ನಕಲು ಹಿಡಿದು ಇಬ್ಬರು ಹುಡುಗಿಯರನ್ನೂ ಒಬ್ಬಳ ತಾಯಿಯನ್ನೂ ಕರೆದುಕೊಂಡು ಬಸ್ ಡಿಪೋಗೆ ಹೋದರು. ಮೊದಲ ಸಲ ಸಾಹೇಬರಿರಲಿಲ್ಲ. ಎರಡನೇ ಸಲ ಇದ್ದರು, "ನೋಡೋಣ" ಎಂದರು. ಅರ್ಜಿ ಕೊಟ್ಟು ಹೊರಡುತ್ತಿದ್ದ ಹುಡುಗಿಯರನ್ನು ಬಾಗಿಲಲ್ಲಿ ತಡೆದು, ನಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸದೆ ಯಾವ ಕಚೇರಿಯಿಂದಲೂ ಹಿಂದೆ ಬರಬಾರದು ಎಂದು ಕಲಿಸಿದರು. ಮೂರನೇ ಸಲ ಹೋದಾಗ ಆ ಸೀಲಿನ ತಾರೀಖೇ ಮಾತಾಡಿತು. ದಸರಾ ರಜೆ ಕಳೆದು ಶಾಲೆ ಶುರುವಾದಾಗ ಬಸ್ಸು ಹೊರಡುವ ವೇಳೆ ನಾಲ್ಕೂ ಮುಕ್ಕಾಲಾಗಿತ್ತು. ಈ ಅಲೆದಾಟದಲ್ಲಿ ಸದಸ್ಯೆಗೆ ಮೂರು ದಿನದ ಕೂಲಿ ಹೋಯಿತು. ಅವರು ಕಡಲೆಕಾಯಿ ಕೀಳಲು ಹೋಗುವವರು.

ಆ ಇಬ್ಬರಲ್ಲಿ ಒಬ್ಬಳು ಈಗ ಪಿಯುಸಿ ಓದುತ್ತಿದ್ದಾಳೆ. ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಬಾರದ ಗೆಳತಿಯರ ಅರ್ಜಿಗಳನ್ನು ಇವಳೇ ಬರೆದುಕೊಡುತ್ತಾಳಂತೆ, ಸೀಲು ಹಾಕಿಸದೆ ಬಿಡುವುದಿಲ್ಲವಂತೆ. ಛಲದ ಭಾಷಣ ಎಷ್ಟು ಕೇಳಿದ್ದಳೋ, ಅದರಲ್ಲಿ ಒಂದು ಸಾಲೂ ಅವಳಿಗೆ ನೆನಪಿಲ್ಲ. ನಾನು ಕೇಳಿ ನೋಡಿದೆ.

ಈ ಸದಸ್ಯೆಯಂಥವರು ಎಲ್ಲಿಂದ ಬಂದರು? ಅವರೇನೂ ಆಕಾಶದಿಂದ ಇಳಿದವರಲ್ಲ. ನಾನು ಪಿಯುಸಿ ಓದುತ್ತಿದ್ದಾಗ, 1987ರ ಜನವರಿಯಲ್ಲಿ, ಮಂಡಲ ಪಂಚಾಯಿತಿ ಚುನಾವಣೆ ನಡೆಯಿತು. ನೀರ್ ಸಾಬ್ ಎಂದು ಜನ ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ತಂದ 1983ರ ಕಾಯ್ದೆಯಲ್ಲಿ ಹೆಂಗಸರಿಗೆ ಶೇಕಡ 25 ಸ್ಥಾನ ಇಟ್ಟಿದ್ದರು. "ಹೆಂಗಸರು ಎಲ್ಲಿ ಸಿಗುತ್ತಾರೆ?" ಎಂದು ನಮ್ಮ ತಂದೆಯ ಸ್ನೇಹಿತರು ಜಗುಲಿಯ ಮೇಲೆ ಕೂತು ನಗುತ್ತಿದ್ದುದು ನನಗೆ ನೆನಪಿದೆ. ಸಿಕ್ಕರು. 73ನೇ ತಿದ್ದುಪಡಿ ಬಂತು, 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮೂರನೇ ಒಂದು ಪಾಲಾಯಿತು, 2010ರಲ್ಲಿ ಅರ್ಧವಾಯಿತು. ಅಂದಿನಿಂದ ಇಂದಿನವರೆಗೆ ಎಷ್ಟು ಸಾವಿರ ಹೆಂಗಸರು ಆ ಕುರ್ಚಿಗಳಲ್ಲಿ ಕೂತು ಎದ್ದಿರಬೇಕು!

ಎದ್ದ ಮೇಲೆ ಅವರು ಎಲ್ಲಿ ಹೋದರು? ನನ್ನ ಜಗಳ ಇರುವುದು ಇಲ್ಲಿ. ಮೀಸಲಾತಿ ಸುತ್ತುತ್ತಿರುತ್ತದೆ. ಈ ಸಲ ಮಹಿಳಾ ವಾರ್ಡು, ಮುಂದಿನ ಸಲ ಸಾಮಾನ್ಯ. ಐದು ವರ್ಷ ಒದ್ದಾಡಿ ಕ್ರಿಯಾಯೋಜನೆ ಎಂದರೇನು, ಜಮಾಬಂದಿಯಲ್ಲಿ ಯಾವ ಪುಸ್ತಕ ಕೇಳಬೇಕು, ವಾರ್ಡ್ ಸಭೆಯಲ್ಲಿ ಹೆಸರು ಹೇಗೆ ಸೇರಿಸಬೇಕು, ಯಾವ ಸಹಿ ಓದದೆ ಹಾಕಬಾರದು ಎಂಬುದೆಲ್ಲ ತಿಳಿಯುವ ಹೊತ್ತಿಗೆ ಆಕೆ ಮನೆಗೆ ಹೋಗುತ್ತಾಳೆ. ಟಿಕೆಟ್ಟು ಯಾರೂ ಕೊಡುವುದಿಲ್ಲ, ಸಾಮಾನ್ಯ ಕ್ಷೇತ್ರದಲ್ಲಿ "ಹೆಂಗಸಿಗೇಕೆ" ಎನ್ನುತ್ತಾರೆ. ಹೊಸದಾಗಿ ಬಂದವಳು ಅ ಆ ಇ ಈಯಿಂದ ಶುರುಮಾಡಬೇಕು. ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನದೇ ಸಂಸ್ಥೆಯಿದೆ, ಅಲ್ಲಿಂದ ತರಬೇತಿಗಳು ನಡೆಯುತ್ತವೆ, ಒಳ್ಳೆಯದೇ. ಆದರೆ ಅದೇ ಊರಿನಲ್ಲಿ, ಎರಡು ಓಣಿ ಆಚೆ, ಎಲ್ಲವನ್ನೂ ಕಲಿತು ಸುಮ್ಮನೆ ಕೂತಿರುವ ಹಳೆಯ ಸದಸ್ಯೆಯ ಹತ್ತಿರ ಹೋಗಿ "ನೀವು ಹೇಗೆ ಮಾಡಿದಿರಿ ಅಕ್ಕಾ" ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ತಾಲ್ಲೂಕಿನಲ್ಲೇ ಅಂಥವರು ಏಳೆಂಟು ಮಂದಿಯನ್ನು ನಾನು ಬಲ್ಲೆ. ಒಬ್ಬರು ಬೀದಿ ಬದಿ ಹೂ ಕಟ್ಟಿ ಮಾರುತ್ತಾರೆ. ಅವರು ಅಧ್ಯಕ್ಷೆಯಾಗಿದ್ದಾಗ ಅಂಗನವಾಡಿಯ ಜಾಗ ಒತ್ತುವರಿಯಾಗದಂತೆ ಸರ್ವೆ ಮಾಡಿಸಿ ಕಲ್ಲು ನೆಡಿಸಿದ್ದರು. ಆ ಕಲ್ಲು ಈಗಲೂ ಇದೆ. ಅವರನ್ನು ಯಾವ ಸಾಧಕರ ಸಂವಾದಕ್ಕೂ ಕರೆದಿಲ್ಲ.

ಕರೆಯುವುದು ಯಾರನ್ನು? ಅಧ್ಯಕ್ಷೆಯ ಗಂಡನನ್ನು! ಆಮಂತ್ರಣ ಪತ್ರಿಕೆಯಲ್ಲಿ ಆಕೆಯ ಹೆಸರು, ವೇದಿಕೆಯಲ್ಲಿ ಆತನ ದೇಹ. ಕಳೆದ ಮಹಿಳಾ ದಿನಾಚರಣೆಯಲ್ಲಿ ಇಂಥ ಒಬ್ಬರು 'ಮಹಿಳಾ ಸಬಲೀಕರಣ' ಎಂಬ ವಿಷಯದ ಮೇಲೆ ಸೊಗಸಾಗಿ ಮಾತಾಡಿದರು. ಆಕೆ ಎಲ್ಲಿ ಎಂದು ನಾನು ಕೇಳಿದೆ. "ಮನೆಯಲ್ಲಿ ನೆಂಟರು ಬಂದಿದ್ದಾರೆ ಮೇಡಂ" ಎಂದರು. ಇದಕ್ಕೆ ನಾನು ಏನು ಉತ್ತರ ಕೊಟ್ಟೆನೆಂದು ಬರೆದರೆ ನಮ್ಮ ಮುಖ್ಯೋಪಾಧ್ಯಾಯರಿಗೆ ತೊಂದರೆ, ಬಿಡಿ.

"ಒಳ್ಳೆಯ ಮಾತು ಹೇಳಿದರೂ ತಪ್ಪೇ? ನಾಲ್ಕು ಮಕ್ಕಳಿಗೆ ಸ್ಫೂರ್ತಿ ಬಂದರೆ ಸಾಲದೇ?" ಎಂದು ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ. ತಪ್ಪೆಂದು ನಾನು ಹೇಳುವುದಿಲ್ಲ. ಎಲ್ಲ ಭಾಷಣವೂ ಒಂದೇ ಅಲ್ಲ ಎನ್ನುತ್ತೇನೆ. ಮೂರು ವರ್ಷದ ಹಿಂದೆ ಹೊಲಿಗೆ ಅಂಗಡಿ ನಡೆಸುವ ಒಬ್ಬ ಹೆಂಗಸು ನಮ್ಮ ಶಾಲೆಗೆ ಬಂದಿದ್ದರು, ಸ್ತ್ರೀಶಕ್ತಿ ಸಂಘದಲ್ಲಿ ಬೆಳೆದವರು. ಕೈಯಲ್ಲಿ ಲೆಕ್ಕದ ಪುಸ್ತಕ ಹಿಡಿದೇ ಬಂದಿದ್ದರು. ಮೊದಲ ಯಂತ್ರಕ್ಕೆ ಎಷ್ಟು ಸಾಲ, ಬಡ್ಡಿ ಎಷ್ಟು, ಮೊದಲ ಆರು ತಿಂಗಳು ಹೇಗೆ ನಷ್ಟವಾಯಿತು, ಬ್ಲೌಸ್ ಹಾಳುಮಾಡಿ ಯಾರ ಕೈಲಿ ಬೈಸಿಕೊಂಡರು, ಗಂಡ ಯಾವ ತಿಂಗಳು ದುಡ್ಡು ಎತ್ತಿಕೊಂಡು ಹೋದ, ಆಮೇಲೆ ತಮ್ಮ ಹೆಸರಿನಲ್ಲೇ ಬ್ಯಾಂಕಿನ ಖಾತೆ ತೆರೆಯಲು ಯಾರು ಜೊತೆಗೆ ಬಂದರು, ಎಲ್ಲವನ್ನೂ ಹೇಳಿದರು. ನಮ್ಮ ಹುಡುಗಿಯರು ನೋಟ್ ಪುಸ್ತಕ ತೆಗೆದು ಬರೆದುಕೊಂಡರು. ಯಾರೂ ಹೇಳಿರಲಿಲ್ಲ, ತಾವಾಗಿಯೇ. ಸೋತದ್ದನ್ನೂ ಸಹಾಯ ಮಾಡಿದವರನ್ನೂ ಲೆಕ್ಕಕ್ಕೆ ತಂದು ಹೇಳುವ ಮುಖಂಡರಿದ್ದರೆ ಬೆಳಗಿನಿಂದ ಸಂಜೆಯವರೆಗೆ ಮಾತಾಡಲಿ, ನಾನೇ ಮೈಕು ಹಿಡಿದು ನಿಲ್ಲುತ್ತೇನೆ.

ನಮ್ಮ ನಾಡಿನಲ್ಲಿ ಹಾಗೆ ಕಲಿಸಿದವರಿಗೇನು ಕಡಿಮೆಯೇ? ನಮ್ಮ ತುಮಕೂರು ಸೀಮೆಯ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮ ಶಾಲೆಗೆ ಹೋದವರಲ್ಲ. ಅಜ್ಜಿಯ ಜೊತೆ ಹೋಗಿ ಹೋಗಿ ಹೆರಿಗೆ ಮಾಡಿಸುವುದನ್ನು ಕಲಿತರು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಕಾಸು ಕೇಳದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ವಿದ್ಯೆ ಕೈಯಿಂದ ಕೈಗೆ ಬಂದದ್ದು. ಅಜ್ಜಿ ನಡುರಾತ್ರಿ ಎದ್ದು ಹೊರಟಾಗ ಹುಡುಗಿಯೂ ಎದ್ದು ಹೊರಟಿದ್ದಳು, ಅಷ್ಟೆ.

ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರನ್ನೂ ನೆನೆಯಬೇಕು. ಎಳೆಯ ವಯಸ್ಸಿಗೇ ವಿಧವೆಯಾದ ಸೊಸೆಯನ್ನು ಮೂಲೆಗೆ ಕೂರಿಸದೆ ಓದಿಗೂ ಸಮಾಜದ ಕೆಲಸಕ್ಕೂ ಹಚ್ಚಿದವರು ಮಾವ ಆನಂದರಾಯರು. ಹಾಗೆ ಬೆಳೆದ ಉಮಾಬಾಯಿ ಭಗಿನಿ ಮಂಡಲದ ಮೂಲಕ ಎಷ್ಟೋ ಹೆಣ್ಣುಮಕ್ಕಳನ್ನು ಸ್ವಾತಂತ್ರ್ಯ ಚಳವಳಿಗೆ ಕರೆತಂದರು, ಹೆಣ್ಣುಮಕ್ಕಳ ಶಾಲೆ ನಡೆಸಿದರು, ಹರ್ಡೀಕರರ ಸೇವಾದಳಕ್ಕೆ ಹೆಗಲು ಕೊಟ್ಟರು, ಜೈಲಿಗೂ ಹೋದರು. ಸ್ವಾತಂತ್ರ್ಯ ಬಂದ ಮೇಲೆ ತಾಮ್ರಪತ್ರವನ್ನಾಗಲಿ ಪಿಂಚಣಿಯನ್ನಾಗಲಿ ಸ್ವೀಕರಿಸಲಿಲ್ಲ. 1992ರಲ್ಲಿ ತೀರಿಕೊಳ್ಳುವವರೆಗೂ ಹುಬ್ಬಳ್ಳಿಯ ಪುಟ್ಟ ಮನೆಯಲ್ಲೇ ಇದ್ದರು. ಅವರ ಮೈಮೇಲೆ ಎಷ್ಟು ಶಾಲು ಬಿದ್ದವು ಎಂದು ಯಾರೂ ಎಣಿಸಿದ್ದನ್ನು ನಾನು ಓದಿಲ್ಲ.

ಈ ವರ್ಷ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ನಾನು ನನ್ನ ಮಾತು ಇಟ್ಟೆ. ಶಾಲೆಗೆ ಬಂದು ಮಾತಾಡುವ ಮುಖಂಡರು ಅರ್ಧ ವೇಳೆಯನ್ನು ಮಕ್ಕಳ ಪ್ರಶ್ನೆಗೆ ಬಿಡಬೇಕು. ಉತ್ತರ ಗೊತ್ತಿಲ್ಲದಿದ್ದರೆ ತಿಳಿದು ಮುಂದಿನ ತಿಂಗಳು ಬಂದು ಹೇಳಬೇಕು. ಪೂರ್ಣಕುಂಭ ಬೇಡ. ಅಧ್ಯಕ್ಷೆ ಬಾರದಿದ್ದರೆ ಆಕೆಯ ಕುರ್ಚಿ ಖಾಲಿ ಇರಲಿ, ಗಂಡ ಕೂರುವುದು ಬೇಡ. ಕೊನೆಯದಕ್ಕೆ ಸಮಿತಿಯ ಹೆಂಗಸರು ಮಾತ್ರ ತಲೆಯಾಡಿಸಿದರು, ಗಂಡಸರು ಕಿಟಕಿಯಾಚೆ ನೋಡಿದರು. "ದಾನಿಗಳಿಗೆ ಬೇಸರವಾದರೆ ಕಾಂಪೌಂಡು ಯಾರು ಕಟ್ಟಿಸುತ್ತಾರೆ ಮೇಡಂ?" ಎಂದು ಒಬ್ಬರು ಕೇಳಿದರು. ಅದು ಸುಳ್ಳು ಭಯವಲ್ಲ, ಕಾಂಪೌಂಡು ಇನ್ನೂ ಆಗಬೇಕಾಗಿದೆ. ಕಾಂಪೌಂಡಿಗೆ ಪಂಚಾಯಿತಿಯಲ್ಲಿ ಹಣ ಇಡಿಸುವುದು ಹೇಗೆಂದು ಆ ಹೂ ಮಾರುವ ಮಾಜಿ ಅಧ್ಯಕ್ಷೆಗೆ ಗೊತ್ತಿದೆ ಎಂದು ನಾನು ಹೇಳಿದೆ. ಮೊದಲೆರಡು ಮಾತುಗಳಿಗೆ ಒಪ್ಪಿಗೆಯಾಯಿತು, ಪೂರ್ಣಕುಂಭದ ವಿಷಯ ಮುಂದಿನ ಸಭೆಗೆ ಹೋಯಿತು. ನಡಾವಳಿಯಲ್ಲಿ ಬರೆಸಿದ್ದೇನೆ.

ಜುಲೈ ತಿಂಗಳ ಮೊದಲ ಶನಿವಾರದಿಂದ, ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಹಳೆಯ ಸದಸ್ಯೆಯರು ನಾಲ್ವರು ಸರದಿಯ ಮೇಲೆ ಬರಲು ಒಪ್ಪಿದ್ದಾರೆ. ವೇದಿಕೆಯಿಲ್ಲ, ಹತ್ತನೇ ತರಗತಿಯ ಕೊಠಡಿ. ಹೂ ಮಾರುವವರು ಮೊದಲ ವಾರ ಬರುವುದು ಕಷ್ಟ ಎಂದರು, ಶನಿವಾರ ಹನುಮಂತನ ಗುಡಿಯ ಮುಂದೆ ವ್ಯಾಪಾರ ಜೋರು. ಅವರಿಗೆ ಎರಡನೆಯ ವಾರ, ಮಧ್ಯಾಹ್ನ ಹನ್ನೆರಡರ ಮೇಲೆ ಎಂದು ಗೊತ್ತುಮಾಡಿದೆವು. ಸರ್ವೆ ನಕ್ಷೆಯ ನಕಲನ್ನು ತಾವೇ ತರುತ್ತಾರಂತೆ.